ಎರಡನೆಯ ಬಾಯಿ

ಏಣಿಯನ್ನು ಗಾಡಿಗೆ ಕಟ್ಟಿಕೊಂಡು ಹೋಗಲಿಕ್ಕೆ ಆಗುವುದಿಲ್ಲವೆಂದು ಗೊತ್ತಿದ್ದರೂ ಸುಬಾನಸಾಬ ಅದನ್ನು ಹೆಗಲಿಗೆ ಆನಿಸಿಕೊಂಡು ತನ್ನ ವೆಲ್ಡಿಂಗ್ ಅಂಗಡಿಯ ಮುಂದೆ ಐದು ನಿಮಿಷದಿಂದ ನಿಂತಿದ್ದ. ಒಳಗಿನಿಂದ ಮಗ ಮತೀನ್, ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯನ್ನು ಕೆಳಗಿಡದೆಯೇ, "ಅಬ್ಬಾ, ಲಗೇಜ್ ಆಟೋ ಕರೀತೀನಿ, ಇಬ್ರೂ ಹೋಗಾಣ" ಅಂದ. "ನೀನು ಬರಾದು ಬ್ಯಾಡ." "ಮೊಣಕಾಲು ಹಿಡ್ಕೊಂಡೈತೆ, ಮ್ಯಾಲೆ ಹೆಂಗೆ ಹತ್ತೀರಿ?" "ನನ್ನ ಮೊಣಕಾಲು ನಾನು ನೋಡ್ಕೋತೀನಿ. ನೀನು ಗೇಟು ಮುಗಿಸು." ಮತೀನ್ ಮತ್ತೇನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಅವನು ಸುಮ್ಮನಾದದ್ದೇ ಸುಬಾನಸಾಬನ ಮೈ ಉರಿಸಿತು. ಬೆಳಿಗ್ಗೆ ನರ್ಸ್ ರುದ್ರಾಣಿಯ ಫೋನ್ ಬಂದಾಗಲೂ ಈ ಹುಡುಗ ಪಕ್ಕದಲ್ಲೇ ಇದ್ದ. "ಸಾಬ್ರೇ, ಮನೆ ಸೋರೈತೆ. ನೀವೇ ಬರ್ಬೇಕು" ಎಂದಷ್ಟೇ ಹೇಳಿ ಆಕೆ ಫೋನ್ ಇಟ್ಟಿದ್ದಳು. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು. ಆಗ ಮತೀನ್ ನೆಲ ನೋಡಿಕೊಂಡು, "ಆ ಸಿಸ್ಟರ್ ಅವತ್ತೇ ಹೇಳಿದ್ರಲ್ಲ ಅಬ್ಬಾ" ಅಂದುಬಿಟ್ಟ. ಇಪ್ಪತ್ತೆಂಟು ವರ್ಷದ ಮಗ, ವೆಲ್ಡಿಂಗ್ ಹಿಡಿಯಲು ತಾನೇ ಕಲಿಸಿದ ಮಗ. ಸುಬಾನಸಾಬ ಏಣಿಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ದಬಾರನೆ ಬಿತ್ತು. ಬಿದ್ದದ್ದನ್ನು ಎತ್ತದೆ, ಸಂದು ಮುಚ್ಚುವ ಸಿಲಿಕಾನ್ ಅಂಟಿನ ಟ್ಯೂಬು, ಅದನ್ನು ಒತ್ತುವ ಗನ್, ಸ್ಕ್ರೂ, ಸುತ್ತಿಗೆ ಇಷ್ಟನ್ನು ಚೀಲಕ್ಕೆ ತುಂಬಿ ಗಾಡಿ ಹತ್ತಿದ. ಬೆಂಚಿನ ಮೇಲಿದ್ದ, ತಗಡು ಕೊರೆಯುವ ಬ್ಯಾಟರಿ ಗ್ರೈಂಡರ್ ಕಣ್ಣಿಗೆ ಬಿದ್ದಿತ್ತು. ಅದನ್ನು ಚೀಲಕ್ಕೆ ಹಾಕಿದರೆ ತಾನು ಏನನ್ನು ಕೊರೆಯಲು ಹೊರಟಿದ್ದೇನೆಂದು ಮತೀನನಿಗೆ ತಿಳಿದುಹೋಗುತ್ತಿತ್ತು. ಹಾಕಲಿಲ್ಲ.

ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಆಲಿಕಲ್ಲಿನ ಮಾತು ಇನ್ನೂ ಮುಗಿದಿರಲಿಲ್ಲ. ಮೊನ್ನೆ ಮಧ್ಯಾಹ್ನ ಸುರಿದದ್ದು. ಎರಡು ದಿನವಾದರೂ ಜನ ಅದನ್ನು ಯಾರದೋ ಮದುವೆಯ ಊಟದ ಹಾಗೆ ಚಪ್ಪರಿಸುತ್ತಿದ್ದರು. ಒಬ್ಬ ತನ್ನ ಕಾರಿನ ಮೇಲೆ ಬಿದ್ದ ಗುಳಿಗಳನ್ನು ಇನ್ನೊಬ್ಬನಿಗೆ ಬೆರಳಿಟ್ಟು ತೋರಿಸುತ್ತಿದ್ದ. ಇನ್ನೊಬ್ಬ ತಾನು ಕಂಡ ಕಲ್ಲು ನಿಂಬೆಹಣ್ಣಿನ ಗಾತ್ರವಿತ್ತು ಎನ್ನುತ್ತಿದ್ದ. ಏನು ಸಂತೋಷ ಇವರಿಗೆ! ಮೊನ್ನೆ ಮನೆಯಲ್ಲೂ ಹಾಗೆಯೇ. ಹೆಂಡತಿ ಮೆಹರಾಜ್ ಬೇಗಂ ಸೆರಗು ತಲೆಗೆ ಹೊದ್ದು ಅಂಗಳಕ್ಕೆ ಓಡಿ ಸ್ಟೀಲ್ ಬಟ್ಟಲಿನ ತುಂಬ ಆಲಿಕಲ್ಲು ಆಯ್ದು ತಂದಿದ್ದಳು. "ನೋಡ್ರಿ ಇಲ್ಲಿ, ಗೋಲಿ ಇದ್ದಂಗೈತೆ. ಬಾಯಾಗೆ ಹಾಕ್ಕೊಳ್ರಿ ಒಂದು." ಊಟಕ್ಕೆಂದು ಮನೆಗೆ ಬಂದಿದ್ದ ಸುಬಾನಸಾಬ ಒಂದನ್ನು ಬಾಯಿಗೆ ಹಾಕಿಕೊಂಡಿದ್ದ. ತಲೆಯ ಮೇಲಿನ ಶೀಟು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಹಲ್ಲಿಗೆ ಚಳುಕು ಹತ್ತಿದ ಆ ಹೊತ್ತಿಗೆ ಅವನ ಮನಸ್ಸಿಗೆ ಬಂದದ್ದು ರುದ್ರಾಣಿಯ ಮನೆಯ ಮಾಡಿನ ಮೇಲಿನ, ಮಳೆನೀರು ಹರಿಯುವ ತಗಡಿನ ದೋಣಿ. ಬಂದದ್ದು ನಿಜ. ಎರಡೂ ಕಡೆಯ ಇಳಿಜಾರಿನಿಂದ ಉರುಳಿದ ಕಲ್ಲು ನಡುವಿನ ದೋಣಿಗೆ ಬಂದು ಬೀಳುತ್ತದೆ, ಪೈಪಿನ ಬಾಯಿಗೆ ಹೋಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ನೀರು ಎಲ್ಲಿಗೆ ಹೋಗಬೇಕು, ಎಂದು ಅವನ ತಲೆ ತಾನಾಗಿಯೇ ಲೆಕ್ಕ ಹಾಕಿತ್ತು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಿ ಏನೆಂದು ಕೇಳುವುದು? ನೀವು ಹೇಳಿದಂಗೇ ಆಯ್ತಾ ಸಿಸ್ಟರ್ ಎಂದೇ? ಬಾಯಲ್ಲಿದ್ದದ್ದು ಕರಗಿತು. ಅನ್ನ ಬಡಿಸಲು ಹೇಳಿದ.

ಸೂರಗೊಂಡನಕೊಪ್ಪದ ರಸ್ತೆಯಲ್ಲಿ ಗಾಡಿ ಓಡಿಸುತ್ತ ಅವನು ಒಳಗೊಳಗೇ ಜಗಳ ಆಡತೊಡಗಿದ. ಆಲಿಕಲ್ಲು ಏನು ವರ್ಷಾ ವರ್ಷಾ ಬೀಳುತ್ತದೇನ್ರಿ? ಅದು ಮೇಲಿನವನ ಕೆಲಸ, ನನ್ನದಲ್ಲ. ಜಗಳೂರಿನಲ್ಲಿ ಕೋಳಿಫಾರ್ಮಿನ ಶೆಡ್ಡು ಹಾಕಿದ್ದೇನೆ, ಚನ್ನಗಿರಿಯಲ್ಲಿ ಅಡಿಕೆ ಒಣಗಿಸುವ ಶೆಡ್ಡು ಹಾಕಿದ್ದೇನೆ, ಹೊನ್ನಾಳಿಯಲ್ಲಿ ಕಲ್ಯಾಣಮಂಟಪದ ಅಡುಗೆಮನೆಗೆ ಹಾಕಿದ್ದೇನೆ, ಯಾರೂ ಹೀಗೆ ಕರೆಸಿಲ್ಲ. ಆದರೆ ಅವೆಲ್ಲ ಶೆಡ್ಡುಗಳು. ಮನೆ ಅಂತ ಅವನು ಮಾಡಿದ್ದು ಇದೊಂದೇ. ಗಂಡನಿಗೆ ಲಕ್ವಾ ಹೊಡೆದ ಮೇಲೆ ರುದ್ರಾಣಿಗೆ ಮೆಟ್ಟಿಲಿಲ್ಲದ ಮನೆ ಬೇಕಿತ್ತು, ಅದೂ ಬೇಗ ಬೇಕಿತ್ತು. ಅವರಿದ್ದ ಬಾಡಿಗೆ ಮನೆ ಮಹಡಿಯ ಮೇಲಿತ್ತು. ಊರ ಹೊರಗೆ ಒಂದು ಸೈಟು ಇತ್ತು. ಎರಡು ತಗಡಿನ ನಡುವೆ ಬಿಳಿ ಫೋಮ್ ತುಂಬಿದ ಹಾಳೆಗಳಿಂದ ಅಂಗಡಿಯಲ್ಲೇ ಎರಡು ಅರ್ಧ ಮನೆ ಮಾಡಿ, ಲಾರಿಯ ಮೇಲೆ ಒಯ್ದು, ಪಾಯದ ಮೇಲೆ ಕೂರಿಸಿ ಜೋಡಿಸುವುದೆಂದು ಅವನೇ ಹೇಳಿದ್ದು. ಇಪ್ಪತ್ತೆರಡು ದಿನದಲ್ಲಿ ಮನೆ ನಿಂತಿತು. ಜನ ಡಬ್ಬಿ ಮನೆ ಎಂದು ನಕ್ಕರು, ಆದರೂ ಸಂಜೆ ಹೊತ್ತು ಗಾಡಿ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಎರಡೂ ಅರ್ಧಗಳು ಕೂಡುವ ಜಾಗದಲ್ಲಿ, ಮನೆಯ ನಡುನೆತ್ತಿಯ ಮೇಲೆ, ಇಪ್ಪತ್ತು ಅಡಿ ಉದ್ದದ ತಗಡಿನ ದೋಣಿ. ಎರಡೂ ಕಡೆಯ ಮಳೆನೀರು ಅದಕ್ಕೇ ಇಳಿಯಬೇಕು, ಅಲ್ಲಿಂದ ಪೂರ್ವದ ತುದಿಯ ಪೈಪಿನಲ್ಲಿ ಕೆಳಗೆ ಹೋಗಬೇಕು.

ಆ ದಿನ ದೋಣಿ ಕೂರಿಸುವಾಗ ರುದ್ರಾಣಿ ಡ್ಯೂಟಿ ಮುಗಿಸಿ ಬಂದು ಕೆಳಗೆ ನಿಂತು ನೋಡುತ್ತಿದ್ದಳು. ಸುಮಾರು ಹೊತ್ತು ನೋಡಿ, "ಸಾಬ್ರೇ, ಆ ಕಡೆ ತುದಿಗೂ ಒಂದು ಬಾಯಿ ಇಡ್ರಿ" ಅಂದಳು. ಅವನಿಗೆ ಕೇಳಿಸಿತ್ತು. ಕೇಳಿಸದವನ ಹಾಗೆ ರಿವೆಟ್ ಹೊಡೆಯುತ್ತಿದ್ದ. ಆಕೆ ಮತ್ತೆ ಅಂದಳು: "ಒಂದು ಕಟ್ಕೊಂಡ್ರೆ ಇನ್ನೊಂದರಾಗೆ ಹೋಗುತ್ತೆ. ಪೈಪು ಅಂದ್ಮೇಲೆ ಯಾವತ್ತಾದ್ರೂ ಕಟ್ಕೊಂತೈತೆ, ನಾನು ದಿನಾ ಆಸ್ಪತ್ರ್ಯಾಗೆ ನೋಡ್ತೀನಿ." ಅದೇ ಬೆಳಿಗ್ಗೆ ಚನ್ನಗಿರಿಯಲ್ಲಿ ಒಬ್ಬ ಅಡಿಕೆ ಮಂಡಿಯವನು, ಸುಬಾನಸಾಬ ನಿಲ್ಲಿಸಿದ್ದ ಕಂಬವನ್ನು ಎಲ್ಲರೆದುರು ಚಪ್ಪಲಿ ಕಾಲಿನಿಂದ ಒದ್ದು ಅಲ್ಲಾಡಿಸಿ, "ಏ ಸಾಬ, ಇದಕ್ಕೆ ಕೆಲಸ ಅಂತಾರೇನಲೇ" ಎಂದಿದ್ದ. ಕಂಬ ಅಲ್ಲಾಡಿರಲಿಲ್ಲ. ಆದರೂ ಸುಬಾನಸಾಬ ಕೈಕಟ್ಟಿ ನಿಂತು, "ಇನ್ನೊಂದು ಬೋಲ್ಟ್ ಹಾಕ್ತೀನಿ ಧಣಿ" ಅಂದಿದ್ದ. ಧಣಿ ಎಂಬ ಆ ಮಾತು ಇಡೀ ದಿನ ಅವನ ಗಂಟಲಲ್ಲೇ ಇತ್ತು. ಈಗ ಈ ಹೆಂಗಸು. ಅವನು ಸುತ್ತಿಗೆ ಇಟ್ಟು, ಸೊಂಟ ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ, "ಸಿಸ್ಟರ್, ಯಾವ ಪೇಷಂಟಿಗೆ ಎಲ್ಲಿ ಸೂಜಿ ಚುಚ್ಚಬೇಕು ಅಂತ ನಾನು ನಿಮಗೆ ಹೇಳಾಕೆ ಬರ್ತೀನೇನ್ರಿ?" ಅಂದ. ಮೊದಲು ನಕ್ಕವನು ಮತೀನ್. ಆಮೇಲೆ ಕೆಲಸದವರೆಲ್ಲ ನಕ್ಕರು. ರುದ್ರಾಣಿ ಒಳಗೆ ಹೋಗಿ ಫ್ಲಾಸ್ಕಿನಲ್ಲಿ ಚಹಾ ತಂದು ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ಪಶ್ಚಿಮದ ತುದಿಗೆ ಅವನು ಮುಚ್ಚಳದ ತಗಡು ಹೊಡೆದ. ಸುಮ್ಮನೆ ಹೊಡೆಯಲಿಲ್ಲ; ಬೇಕೆಂದೇ ಎರಡರಷ್ಟು ರಿವೆಟ್ ಹಾಕಿ, ಸಿಲಿಕಾನ್ ಎಳೆದು, ಬೆರಳಿನಿಂದ ಸವರಿ ನುಣುಪು ಮಾಡಿದ. ಹಾಗೆ ಸವರುವಾಗ ಸಿಕ್ಕಿದ ಸುಖ ಅವನಿಗೆ ಈಗಲೂ ಬೆರಳಿನ ತುದಿಯಲ್ಲಿ ನೆನಪಿತ್ತು. ಗಾಡಿಯ ಹ್ಯಾಂಡಲ್ಲಿನ ಮೇಲೆ ಬೆರಳುಗಳನ್ನು ಬಿಗಿ ಹಿಡಿದ.

ಮನೆಯ ಮುಂದೆ ಮೊದಲು ಕಂಡದ್ದು ಹಾಸಿಗೆ. ಕಾಂಪೌಂಡಿನ ಮೇಲೆ ರಸ್ತೆಗೆ ಎದುರಾಗಿ ಹರವಿದ್ದರು. ಹತ್ತಿ ಗಂಟುಗಂಟಾಗಿ, ನಡುವೆ ದೊಡ್ಡ ಹಳದಿ ಕಲೆ. ಓಹೋ, ಊರಿಗೆಲ್ಲ ತೋರಿಸಲಿಕ್ಕೆ! ಹೋಗುವವರು ಬರುವವರು ಕೇಳಬೇಕು, ಯಾರು ಕಟ್ಟಿದ್ದು ಈ ಮನೆ ಅಂತ. ಹಿತ್ತಲಿನಲ್ಲಿ ಒಣಗಿಸಬಹುದಿತ್ತಲ್ಲ. ಅವನು ಗೇಟನ್ನು ಜೋರಾಗಿ ತಳ್ಳಿದ. ರುದ್ರಾಣಿ ಡ್ಯೂಟಿಗೆ ಹೋಗಿದ್ದಳು. ಪಕ್ಕದ ಮನೆಯ ಸಾವಂತ್ರಮ್ಮ, ಅರವತ್ತು ದಾಟಿದ ಹೆಂಗಸು, ಬೀಗದ ಕೈ ಹಿಡಿದು ಬಂದಳು. "ಬಂದ್ರಾ ಸಾಬ್ರೇ. ಸಿಸ್ಟರ್ ಊಟದ ಹೊತ್ತಿಗೆ ಬರ್ತಾರಂತೆ. ನೀವು ನೋಡ್ತಾ ಇರ್ಬೇಕಂತೆ."

"ನೋಡಾದೇನೈತಮ್ಮ. ಆಲಿಕಲ್ಲು ಬಿದ್ರೆ ಅರಮನೆನೂ ಸೋರ್ತೈತೆ. ಅದಕ್ಕೆ ಹಾಸಿಗೆ ತಂದು ರಸ್ತೇಲಿ ಹಾಕಾದಾ?"

ಸಾವಂತ್ರಮ್ಮ ಅವನ ಮುಖ ನೋಡಿದಳು. "ನಿಮಗೆ ಹೇಳಿಲ್ವಾ?"

"ಏನು?"

"ಅಯ್ಯೋ, ಅವರು ಅದರ ಮ್ಯಾಲೇ ಇದ್ರಲ್ರೀ. ಸಿಸ್ಟರ್ ಯಜಮಾನ್ರು, ರುದ್ರಮುನಿಯಾರು." ಆಕೆ ದನಿ ತಗ್ಗಿಸಿದಳು. "ಅವತ್ತು ನಾನು ಊರಾಗಿರಲಿಲ್ಲ, ಹೊನ್ನಾಳಿಗೆ ಮಗಳ ಮನಿಗೆ ಹೋಗಿದ್ದೆ. ಸಿಸ್ಟರ್ ಹೆರಿಗೆ ಕೇಸಿನಾಗೆ ಸಿಕ್ಕಾಕ್ಕೊಂಡಿದ್ರು. ಒಂದೂವರೆ ತಾಸು. ಆ ಕರಗಿದ ನೀರು ಎದಿ ಮ್ಯಾಲೆ, ಮುಖದ ಮ್ಯಾಲೆ ಬೀಳ್ತಿತ್ತಂತೆ. ಹೊಳ್ಳಾಕೆ ಆಗಲ್ಲ, ಕೂಗಾಕೆ ಬರಲ್ಲ. ಸಿಸ್ಟರ್ ಬಂದಾಗ ತುಟಿ ನೀಲಿಯಾಗಿತ್ತಂತೆ."

ಸುಬಾನಸಾಬನಿಗೆ ಮೊದಲು ಬಂದದ್ದು ಸಿಟ್ಟೇ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಆಕೆ? ಮನೆ ಸೋರೈತೆ ಅಂದಳು, ಮನುಷ್ಯ ನೆಂದಿದ್ದಾನೆ ಅನ್ನಲಿಲ್ಲ. ಹೀಗೆ ಬೇರೆಯವರ ಬಾಯಿಂದ, ಗೇಟಿನಲ್ಲಿ ನಿಲ್ಲಿಸಿ, ಮಾತಾಡಿ ಆದ ಮೇಲೆ ಕೇಳಿಸಿದ್ದು ಯಾಕೆ? ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಮುಂದಿನ ಕೋಣೆಯಲ್ಲಿ ಮಡಚುವ ಮಂಚದ ಮೇಲೆ ರುದ್ರಮುನಿ ಮಲಗಿದ್ದ. ನೀಲಗಿರಿ ಎಣ್ಣೆಯ ವಾಸನೆ, ಅದರ ಕೆಳಗೆ ಒದ್ದೆ ಹತ್ತಿಯ ವಾಸನೆ. ಹೊನ್ನಾಳಿ ಲೈನಿನ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವನು. ಸುಬಾನಸಾಬ ಎಷ್ಟೋ ಸಲ ಅವನ ಬಸ್ಸಿನಲ್ಲಿ ಕಬ್ಬಿಣದ ರಾಡುಗಳನ್ನು ಹಾಕಿಕೊಂಡು ಬಂದಿದ್ದ. ಕಂಡಕ್ಟರ್ ತಕರಾರು ಮಾಡಿದರೆ, "ಹೋಗ್ಲಿ ಬಿಡಲೇ, ರಾಡೇನು ಸೀಟು ಕೇಳುತ್ತಾ" ಎಂದು ಕನ್ನಡಿಯಲ್ಲೇ ನಗುತ್ತಿದ್ದವನು. ಈಗ ಬಲಗೈ ಹೊದಿಕೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಹಾಗೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು. ಉಸಿರಿನಲ್ಲಿ ಗೊರಗೊರ ಸದ್ದು. ಕಣ್ಣು ಮಾತ್ರ ಅವನ ಹಿಂದೆಯೇ ಬಂದವು. "ನಮಸ್ಕಾರ್ರೀ" ಎಂದ ಸುಬಾನಸಾಬ, ಅಗತ್ಯಕ್ಕಿಂತ ಜೋರಾಗಿ, ಕಿವುಡರಿಗೆ ಹೇಳುವ ಹಾಗೆ. ಹೇಳಿದ ಮೇಲೆ ನಾಚಿಕೆಯಾಗಿ, ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು ಬಂದು, ಸರಸರನೆ ಹಿಂದಿನ ಕೋಣೆಗೆ ನಡೆದ.

ಸಾವಂತ್ರಮ್ಮನ ಮನೆಯ ಬಿದಿರಿನ ಏಣಿ ಹತ್ತುವಾಗ ಮೊಣಕಾಲು ಎರಡು ಸಲ ಕಟಕ್ ಅಂದಿತು. ಈ ಮನೆ ಮುಗಿದ ಮೇಲೆ, ಎರಡು ವರ್ಷದಿಂದ, ಅವನು ಯಾವ ಮಾಡನ್ನೂ ಹತ್ತಿರಲಿಲ್ಲ; ಹತ್ತುವುದೆಲ್ಲ ಮತೀನನ ಕೆಲಸವಾಗಿತ್ತು. ಶೀಟಿನ ಮೇಲೆ ಆಲಿಕಲ್ಲಿನ ಗುಳಿಗಳು, ಸಿಡುಬು ಬಂದು ಹೋದ ಮುಖದ ಹಾಗೆ. ಬಿಸಿಲಿಗೆ ತಗಡು ಕಾಯುತ್ತಿತ್ತು. ಅಂಗಾಲು ಸುಡುತ್ತಿದ್ದರೂ ಅವನು ದೋಣಿಯ ಉದ್ದಕ್ಕೂ ಕುಕ್ಕರುಗಾಲಿನಲ್ಲಿ ಸರಿಯುತ್ತ ಹೋದ. ಬೇವಿನ ಎಲೆ, ಮಣ್ಣು, ಗುಬ್ಬಿಯೊಂದರ ಪುಕ್ಕ. ನೀರು ಎಲ್ಲಿಯವರೆಗೆ ಏರಿತ್ತೆಂದು ಮಣ್ಣಿನ ಗೆರೆ ಸ್ಪಷ್ಟವಾಗಿ ಹೇಳುತ್ತಿತ್ತು. ಅದು ದೋಣಿಯ ಅಂಚನ್ನು ದಾಟಿ, ಶೀಟಿನ ಕೆಳಗೆ ನುಗ್ಗಿತ್ತು. ಅವನು ಏನಾದರೂ ಬೇರೆ ಸಿಗಲೆಂದು ಹುಡುಕಿದ. ಒಂದು ಬಿಟ್ಟ ಸ್ಕ್ರೂ, ಒಂದು ಸೀಳು, ಫೋಮ್ ಕಂಪನಿಯವರ ತಪ್ಪು, ಮತೀನ್ ಸರಿಯಾಗಿ ಒತ್ತದೆ ಬಿಟ್ಟ ಒಂದು ಜೋಡಣೆ. ಮತೀನನ ತಪ್ಪು ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಒಂದೂ ಸಿಗಲಿಲ್ಲ. ಕೊನೆಗೆ ಪಶ್ಚಿಮದ ತುದಿಗೆ ಬಂದು ಮುಚ್ಚಳದ ತಗಡನ್ನು ಮುಟ್ಟಿದ. ಅಷ್ಟು ನೀರು ಬಂದು ಒತ್ತಿ ನಿಂತಿದ್ದರೂ ಅಲ್ಲಿಂದ ಒಂದು ಹನಿ ಹೊರಗೆ ಹೋಗಿರಲಿಲ್ಲ. ಅವನ ಬೆರಳು ಸವರಿದ ಸಿಲಿಕಾನ್ ನುಣ್ಣಗೆ ಹಾಗೇ ಇತ್ತು. ಮೂವತ್ತೈದು ವರ್ಷದಲ್ಲಿ ಮಾಡಿದ ಕೆಲಸದಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿರಲಿಕ್ಕಿಲ್ಲ. ತಾನು ಮಾಡಿದ್ದು ಮನೆಯಲ್ಲ, ಒಬ್ಬ ಮನುಷ್ಯನ ಎದೆಯ ಮೇಲೆ ಒಂದು ಕೆರೆ ಕಟ್ಟಿ, ಅದಕ್ಕೆ ಗಟ್ಟಿ ಏರಿ ಹಾಕಿ ಹೋಗಿದ್ದೆ ಎಂದು ಅನಿಸಿತು. ಅನಿಸಿದ್ದನ್ನು ಒದ್ದು ಓಡಿಸುವವನ ಹಾಗೆ ಅವನು ಗನ್ನಿಗೆ ಟ್ಯೂಬು ತುರುಕಿ, ಶೀಟು ಮತ್ತು ದೋಣಿ ಕೂಡುವಲ್ಲಿ ಉದ್ದಕ್ಕೂ ಸಿಲಿಕಾನ್ ಎಳೆಯತೊಡಗಿದ. ಇದರಿಂದ ಏನೂ ಆಗುವುದಿಲ್ಲವೆಂದು ಕೈಗೆ ಗೊತ್ತಿತ್ತು. ಕೈ ಎಳೆಯುತ್ತಲೇ ಇತ್ತು. ಮುಗಿಯಿತು, ಸರಿ ಮಾಡಿದ್ದೇನೆ, ಇನ್ನು ಹತ್ತು ವರ್ಷ ತೊಂದರೆ ಇಲ್ಲ ಎಂದು ಹೇಳಿ ಆಕೆ ಬರುವುದರೊಳಗೆ ಹೋಗಿಬಿಡಬಹುದು.

ಆದರೆ ಇಳಿಯುವಷ್ಟರಲ್ಲಿ ರುದ್ರಾಣಿ ಬಂದಿದ್ದಳು. ಬಿಳಿ ಸೀರೆಯಲ್ಲೇ ಗಂಡನ ಪಕ್ಕ ಕೂತು ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು. ಬಾಯಿಯಿಂದ ಜಾರಿದ್ದನ್ನು ಒರೆಸಿ, ಸುಬಾನಸಾಬನತ್ತ ತಿರುಗದೆ, "ಏನಾಗಿತ್ತು?" ಎಂದು ಕೇಳಿದಳು.

"ಜೋಡಣೆ ಸ್ವಲ್ಪ ಬಿಟ್ಟಿತ್ತು ಸಿಸ್ಟರ್. ಆಲಿಕಲ್ಲು ಹೊಡೆತಕ್ಕೆ. ಸಿಲಿಕಾನ್ ಎಳೆದೀನಿ. ಇನ್ನೇನೂ ಆಗಾಕಿಲ್ಲ." ಆಕೆ ಇನ್ನೊಂದು ಚಮಚೆ ಗಂಜಿ ಎತ್ತಿದಳು. ಅವನಿಗೆ ತಡೆಯಲಾಗಲಿಲ್ಲ. "ಅಲ್ಲ, ಇಂಥ ಪೇಷಂಟನ್ನ ಒಬ್ರನ್ನೇ ಬಿಟ್ಟು ಬೀಗ ಹಾಕ್ಕೊಂಡು ಹೋದ್ರೆ ಹೆಂಗ್ರೀ?"

ಬಾಗಿಲಲ್ಲಿದ್ದ ಸಾವಂತ್ರಮ್ಮ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ರುದ್ರಾಣಿ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ನನ್ನ ತಪ್ಪು ನನಗೆ ಗೊತ್ತೈತೆ ಸಾಬ್ರೇ. ಆ ಹುಡುಗಿಗೆ ಹೆರಿಗೆ ಆಗೋವರೆಗೂ ನಾನು ಆ ಕಡೆನೂ ಇರಲಿಲ್ಲ, ಈ ಕಡೆನೂ ಇರಲಿಲ್ಲ. ಅದನ್ನ ನೀವು ಹೇಳೋದು ಬ್ಯಾಡ. ನಿಮ್ಮದು ಏನೈತೆ, ಅದು ನಿಮಗೆ ಗೊತ್ತಾಗ್ಲಿ." ಎದ್ದು ನಿಂತಳು. "ಸರಿ ಮಾಡೀನಿ ಅಂದ್ರಲ್ಲ. ನೋಡಾಣ. ಪೈಪಿನ ಬಾಯಿಗೆ ಗೋಣಿ ತುರುಕ್ತೀನಿ. ಟ್ಯಾಂಕಿನ ಮೋಟಾರಿನಿಂದ ಪೈಪ್ ಎಳೆದು ದೋಣಿಗೆ ನೀರು ಬಿಡ್ತೀನಿ. ಅವತ್ತು ಹೆಂಗಾತೋ ಹಂಗೇ."

"ನೀವ್ಯಾಕೆ ಹತ್ತೀರಿ, ನಾನು..."

"ನೀವು ಒಳಗಿರ್ರಿ. ಒಳಗಿದ್ರೇ ಗೊತ್ತಾಗಾದು."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಗೋಣಿಚೀಲ ಹಿಡಿದು ಏಣಿ ಹತ್ತಿದಳು. ಸಾವಂತ್ರಮ್ಮ ಏಣಿ ಹಿಡಿದಳು. ಸುಬಾನಸಾಬ ಹಿಂದಿನ ಕೋಣೆಯಲ್ಲಿ ಕತ್ತು ಎತ್ತಿ ನಿಂತ. ಅಲ್ಲಿ ಹಾಸಿಗೆಯಿಲ್ಲದ ಕಬ್ಬಿಣದ ಮಂಚ, ಅದರ ಮೇಲೆ ಒಂದು ಪ್ಲೈವುಡ್ ಹಲಗೆ ಮಾತ್ರ ಇತ್ತು. ಸೋರುವ ಜೋಡಣೆಯ ಕೆಳಗಿಂದ ಅದನ್ನು ಗೋಡೆಯ ಕಡೆಗೆ ಎಳೆದಿದ್ದರು. ಕಿಟಕಿಯಾಚೆಯಿಂದ ರುದ್ರಾಣಿಯ ಧ್ವನಿ ಬಂತು. "ನಿಂತು ನೋಡಿದ್ರೆ ಕಾಣಲ್ಲ ಸಾಬ್ರೇ. ಮಂಚ ಅದರ ಜಾಗಕ್ಕೆ ಎಳಕ್ಕೊಳ್ರಿ. ಮಲಗ್ರಿ. ಅವರು ಹೆಂಗೆ ಮಲಗಿದ್ರೋ ಹಂಗೆ."

"ಏನು ಮಾತಾಡ್ತೀರಿ ಸಿಸ್ಟರ್?" ಎಂದು ಅವನು ಕೂಗಿದ. ಕೂಗಿದ ದನಿ ತಗಡಿನ ಗೋಡೆಗಳಿಗೆ ಬಡಿದು ಅವನಿಗೇ ವಾಪಸ್ಸು ಬಂತು. "ನನ್ನನ್ನೇನು ಅಂದ್ಕೊಂಡೀರಿ? ಮೂವತ್ತೈದು ವರ್ಷದಿಂದ ಕೆಲಸ ಮಾಡ್ತಾ ಇದೀನಿ. ಯಾರೂ ನನಗೆ ಹಿಂಗೆ..." ಯಾರೂ ಎಂದ ಕೂಡಲೆ ಚನ್ನಗಿರಿಯ ಆ ಚಪ್ಪಲಿ ಕಾಲು ಕಣ್ಣಿಗೆ ಬಂತು. ಆ ಕಾಲಿನೆದುರು ಕೈಕಟ್ಟಿ ನಿಂತವನು, ಇಲ್ಲಿ ಒಬ್ಬ ಹೆಂಗಸು ನ್ಯಾಯವಾದದ್ದನ್ನು ಕೇಳಿದರೆ ಕೂಗಾಡುತ್ತಿದ್ದೇನೆ. ಹೊರಟುಬಿಡಬಹುದಿತ್ತು. ಗಾಡಿ ಗೇಟಿನ ಹೊರಗೇ ಇತ್ತು. ಆದರೆ ಹೋಗಬೇಕಾದರೆ ಮುಂದಿನ ಕೋಣೆ ದಾಟಬೇಕಿತ್ತು. ಬಾಗಿಲಿನಾಚೆ ರುದ್ರಮುನಿ ಮಲಗಿದ್ದಲ್ಲಿಂದಲೇ ಅವನನ್ನು ನೋಡುತ್ತಿದ್ದ. ಸುಬಾನಸಾಬ ಮಂಚವನ್ನು ಎಳೆದು ಜೋಡಣೆಯ ಕೆಳಗೆ ತಂದ. ಟೋಪಿ ತೆಗೆದು ಜೇಬಿಗಿಟ್ಟ. ಹಲ್ಲು ಕಚ್ಚಿಕೊಂಡು ಹಲಗೆಯ ಮೇಲೆ ಅಂಗಾತ ಮಲಗಿದ. ಮೇಲೆ ಮೋಟಾರಿನ ನೀರು ತಗಡಿಗೆ ಬಡಿಯುವ ಸದ್ದು ಶುರುವಾಯಿತು.

ಮೊದಲು ಏನೂ ಆಗಲಿಲ್ಲ. ಮೂರು ನಿಮಿಷ, ನಾಲ್ಕು ನಿಮಿಷ. ಒಂದು ಹುಚ್ಚು ಆಸೆ ಹುಟ್ಟಿತು: ಸಿಲಿಕಾನ್ ಹಿಡಿದುಬಿಟ್ಟರೆ? ಹಿಡಿದುಬಿಟ್ಟರೆ ಎದ್ದು ಹೋಗಿ ಆಕೆಯ ಮುಖ ನೋಡಬೇಕು. ನೀರಿನ ಸದ್ದು ಬದಲಾಯಿತು. ತಗಡಿಗೆ ಬಡಿಯುತ್ತಿದ್ದದ್ದು ಈಗ ನೀರಿನೊಳಕ್ಕೇ ಬೀಳುತ್ತಿತ್ತು. ದೋಣಿ ತುಂಬುತ್ತಿತ್ತು. ತಲೆಯ ಮೇಲಿನ ಬಿಳಿ ಜೋಡಣೆಯಲ್ಲಿ ಒಂದು ಕಡೆ ಬೆವರು ಒಡೆದ ಹಾಗೆ ತೇವ ಕಾಣಿಸಿತು. ಅದು ಗುಂಡಾಯಿತು. ತೂಗಿತು. ಬಿತ್ತು. ಹುಬ್ಬಿನ ಮೇಲೆ. ಅವನ ಕೈ ತಾನಾಗಿಯೇ ಏಳಲು ಹೋಯಿತು. ಅದನ್ನು ಅವನು ತಡೆದು ಹಲಗೆಯ ಮೇಲೆ ಒತ್ತಿ ಹಿಡಿದ. ಯಾಕೆ ತಡೆದನೋ ಅವನಿಗೂ ಗೊತ್ತಾಗಲಿಲ್ಲ. ಹಟವೇ ಇರಬೇಕು, ಆಕೆಯ ಮೇಲಿನ ಹಟ. ಎರಡನೆಯದು ಮೂಗಿನ ಪಕ್ಕ. ಮೂರನೆಯದು ತೆರೆದ ಕಣ್ಣಿಗೇ. ಆಮೇಲೆ ಹನಿಗಳು ಬಿಡುವು ಕೊಡದೆ ಕೂಡಿಕೊಂಡು ದಾರವಾಗಿ ಎದೆಗೆ ಇಳಿಯತೊಡಗಿದವು. ಅಂಗಿ ಮೈಗೆ ಅಂಟಿತು. ಇದು ಬಿಸಿಲಿಗೆ ಕಾದ ಟ್ಯಾಂಕಿನ ಬೆಚ್ಚಗಿನ ನೀರು. ಅವತ್ತಿನದು ಮಂಜುಗಡ್ಡೆ ಕರಗಿದ್ದು. ಬಾಯಿಗೆ ಹಾಕಿಕೊಂಡ ಒಂದು ಕಲ್ಲಿಗೆ ತನ್ನ ಹಲ್ಲು ಹೇಗೆ ಜುಮ್ಮೆಂದಿತ್ತು! ಎಡಕ್ಕೆ ಹೊರಳಬಹುದು, ಬಲಕ್ಕೆ ಹೊರಳಬಹುದು, ಎದ್ದೇ ಕೂರಬಹುದು. ಎದ್ದು ಕೂರಬಹುದು ಎಂದು ಗೊತ್ತಿರುವವನು ಹೀಗೆ ಮಲಗುವುದು ಬರೀ ಆಟ ಎನಿಸಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಿವಿಯೊಳಕ್ಕೆ ನೀರು ಹೋಗಿ ಹೊರಗಿನದೆಲ್ಲ ದೂರವಾಯಿತು. ಒಂದೂವರೆ ತಾಸು. ಆಗ ತಾನು ಅನ್ನ ಉಂಡಿದ್ದೆ. ಉಂಡು, ಕೈ ತೊಳೆದು, ಅರ್ಧ ಗಂಟೆ ನಿದ್ದೆಯನ್ನೂ ಮಾಡಿದ್ದೆ.

"ಏ... ಏ..."

ಯಾರೋ ಕರೆಯುತ್ತಿದ್ದ ಹಾಗಿತ್ತು. ಅವನು ತಲೆ ಹೊರಳಿಸಿದ. ಬಾಗಿಲಿನಾಚೆಯಿಂದ ರುದ್ರಮುನಿ ಕತ್ತು ಇಷ್ಟೇ ಇಷ್ಟು ಎತ್ತಿದ್ದ. ಹಣೆಯ ನರ ಉಬ್ಬಿತ್ತು. ಎಡಗೈ ಗಾಳಿಯಲ್ಲಿ ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ ಆಡುತ್ತಿತ್ತು. "ಏ... ಳ್ರಿ." ಜಾರಿದ ಬಾಯಿಯಿಂದ ಗಂಜಿಯ ಜೊತೆ ಆ ಮಾತು ಹೊರಗೆ ಬಂತು. "ಏಳ್ರಿ." ಮುಖ ನೋಡಿದರೆ ಅಣಕಿಸುತ್ತಿರಲಿಲ್ಲ. ಗಾಬರಿಯಾಗಿದ್ದ. ಈ ಮನುಷ್ಯ ನೆನೆಯುತ್ತಿದ್ದಾನೆ, ಯಾರಾದರೂ ಬನ್ನಿ ಎಂಬ ಗಾಬರಿ.

ಸುಬಾನಸಾಬ ಎದ್ದು ಕೂತ. ಸಿಟ್ಟಿಗಾಗಿ ಒಳಗೆ ತಡಕಿದ. ಆಸರೆಗೆ ಗೋಡೆ ಮುಟ್ಟಲು ಹೋದವನಿಗೆ ಗೋಡೆಯೇ ಸಿಗದ ಹಾಗೆ, ಅದು ಸಿಗಲಿಲ್ಲ. ಗಡ್ಡದಿಂದ ನೀರು ಇಳಿಯುತ್ತಿರುವಾಗಲೇ ಕಿಟಕಿಗೆ ಬಂದು, "ನಿಲ್ಲಿಸ್ರಿ ಸಿಸ್ಟರ್. ಸೋರ್ತೈತೆ" ಅಂದ. ನೀರಿನ ಸದ್ದು ನಿಂತಿತು. ಏಣಿಯ ಮೇಲೆ ನಿಂತಿದ್ದ ರುದ್ರಾಣಿ ಅವನ ಒದ್ದೆ ಅಂಗಿಯನ್ನು ನೋಡಿದಳು. ಆಕೆ ಗೆದ್ದವಳ ಹಾಗೆ ಕಾಣಲಿಲ್ಲ. "ಗೋಣಿ ತೆಗೀಲಾ?" ಎಂದಳು. "ಬ್ಯಾಡ, ಇರ್ಲಿ. ನೀರು ಹಂಗೇ ನಿಂತಿರ್ಲಿ. ಒಳಗೆ ಒಂದು ಬಕೆಟ್ ಇಡ್ತೀನಿ" ಎಂದು ಅವನು ಫೋನ್ ತೆಗೆದು, ಒದ್ದೆ ಬೆರಳಿಗೆ ಒತ್ತಿಸಿಕೊಳ್ಳದ ಪರದೆಯನ್ನು ಪಂಚೆಗೆ ಒರೆಸಿ ಒರೆಸಿ, ಮತೀನನಿಗೆ ಹಚ್ಚಿದ.

"ಗ್ರೈಂಡರ್ ತಗೊಂಡು ಬಾ. ಎರಡಡಿ ಪೈಪೂ ತಾ."

"ಎಲ್ಲಿ ಕೊರೀಬೇಕು ಅಬ್ಬಾ?"

"ಸಿಸ್ಟರ್ ಹೇಳಿದ್ದ ಕಡೆ."

ಸುಬಾನಸಾಬ ಕಾದ. ನಕ್ಕರೆ ನಗಲಿ ಎಂದು ಕಾದ. "ಬಂದೆ" ಎಂದಷ್ಟೇ ಹೇಳಿ ಮತೀನ್ ಫೋನ್ ಇಟ್ಟ.

ಲಗೇಜ್ ಆಟೋದಿಂದ ಇಳಿದ ಮತೀನ್ ತಂದೆಯ ಒದ್ದೆ ಬಟ್ಟೆಯ ಬಗ್ಗೆ ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ರುದ್ರಮುನಿಯನ್ನು ಮಾತಾಡಿಸಿ, ಹೊರಗೆ ಬಂದಾಗ ಅವನ ಮುಖ ಸಣ್ಣದಾಗಿತ್ತು. "ನಾನು ಹತ್ತೀನಿ" ಅಂದ. "ಬ್ಯಾಡ" ಎಂದು ಸುಬಾನಸಾಬ ಗ್ರೈಂಡರನ್ನು ಅವನ ಕೈಯಿಂದ ತೆಗೆದುಕೊಂಡ. ಮತೀನ್ ಏಣಿ ಹಿಡಿದ. ಪಶ್ಚಿಮದ ತುದಿಯಲ್ಲಿ ಸುಬಾನಸಾಬ ಮೊಣಕಾಲೂರಿ ಕೂತು, ತಾನೇ ಹೊಡೆದಿದ್ದ ಮುಚ್ಚಳಕ್ಕೆ ಚಕ್ರ ಇಟ್ಟ. ಕಿಡಿಗಳು ಒದ್ದೆ ಅಂಗಿಗೆ ತಗುಲಿ ಚುಸ್ಸೆಂದವು. ನಾಲ್ಕು ಬೆರಳಗಲದ ತಗಡು ಕಳಚಿ ಬೀಳುತ್ತಿದ್ದ ಹಾಗೆ ತಡೆದು ನಿಂತಿದ್ದ ನೀರು ಒಮ್ಮೆಲೆ ಅವನ ತೊಡೆಯ ಮೇಲಿನಿಂದ ನುಗ್ಗಿ ಹಿತ್ತಲಿನ ಮಣ್ಣಿಗೆ ಧೋ ಎಂದು ಬಿತ್ತು. ಬೇವಿನ ಎಲೆ, ಪುಕ್ಕ, ಎಲ್ಲ ಕೊಚ್ಚಿಕೊಂಡು ಹೋದವು. ಅಂಚನ್ನು ಉಜ್ಜಿ, ಪೈಪು ಕೂರಿಸಿ, ಬಿಗಿ ಮಾಡಿದ. ಪೂರ್ವದ ಗೋಣಿಯನ್ನು ಹಾಗೇ ಬಿಟ್ಟು ಮತ್ತೆ ನೀರು ಬಿಟ್ಟರು. ನೀರು ದೋಣಿಯ ಅರ್ಧಕ್ಕೆ ಏರಿ ಅಲ್ಲೇ ನಿಂತಿತು; ಹೊಸ ಬಾಯಿಯಿಂದ ಸಮನಾಗಿ ಹರಿದುಹೋಗುತ್ತಿತ್ತು. ಒಳಗಿನಿಂದ ಸಾವಂತ್ರಮ್ಮ, "ಒಂದು ಹನಿನೂ ಇಲ್ಲ ಕಣ್ರೀ" ಎಂದು ಕೂಗಿ ಹೇಳಿದಳು.

ರುದ್ರಾಣಿ ಹಿತ್ತಲಿನಲ್ಲಿ ನಿಂತು ಕತ್ತೆತ್ತಿ ಹರಿಯುವ ನೀರನ್ನು ನೋಡುತ್ತಿದ್ದಳು. ಸುಬಾನಸಾಬನಿಗೆ ಈಗ ಹೇಳಬೇಕೆನಿಸಿತು. ಮತೀನನ ಎದುರಿಗೇ, ಅವತ್ತು ನಕ್ಕ ಜಾಗದಲ್ಲೇ ಹೇಳಬೇಕು. "ಸಿಸ್ಟರ್, ಅವತ್ತು ನಾನು..." ಎಂದು ಶುರು ಮಾಡಿದ.

ಆಕೆ ಕಾಯಲಿಲ್ಲ. "ಎಷ್ಟು ಹೊತ್ತು ಹಿಡೀತು ಸಾಬ್ರೇ, ಇದನ್ನ ಮಾಡಾಕೆ?" ಎಂದು ಕೇಳಿದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಆಸ್ಪತ್ರೆಯಲ್ಲಿ ನೋವು ಎಷ್ಟು ಹೊತ್ತಿನಿಂದ ಎಂದು ಕೇಳುವ ಹಾಗೆ ಕೇಳಿದಳು.

ಅವನು ಹೊಸ ಪೈಪಿನತ್ತ ನೋಡಿದ.

"ಕಾಲು ಗಂಟೆ" ಅಂದ.

"ಕಾಲು ಗಂಟೆ" ಎಂದು ಆಕೆ ಮೆಲ್ಲಗೆ ಹೇಳಿಕೊಂಡಳು. ಮೋಟಾರಿನ ಸ್ವಿಚ್ಚು ಆರಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ, ಕೈ ಒರೆಸಿಕೊಂಡು ಒಳಗೆ ಹೋದಳು. ಕೆಳಗಿನ ಕೋಣೆಯಿಂದ ಆಕೆ ಗಂಡನಿಗೆ ಏನೋ ಹೇಳುತ್ತಿರುವುದು, ಆಮೇಲೆ ನೆಲ ಒರೆಸುವುದು, ಬಕೆಟ್ಟನ್ನು ಹೊರಗೆ ಚೆಲ್ಲುವುದು ಒಂದೊಂದಾಗಿ ಅವನಿಗೆ ಕೇಳಿಸಿತು. "ಅಬ್ಬಾ, ಇಳೀರಿ, ಏಣಿ ಹಿಡಿದೀನಿ" ಎಂದ ಮತೀನ್. ಸುಬಾನಸಾಬ ಬಿಸಿಲಿಗೆ ಕಾದ ತಗಡಿನ ಮೇಲೆ ಹಾಗೇ ಕೂತಿದ್ದ. ಕೆಳಗೆ ಆಕೆ, ಈಗ ಸೋರದ ಜೋಡಣೆಯ ಅಡಿಯಿಂದಲೂ, ಆ ಭಾರದ ಮಂಚವನ್ನು ಒಬ್ಬಳೇ ಗೋಡೆಯ ಕಡೆಗೆ ಎಳೆಯುತ್ತಿದ್ದಳು. ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು, ಮತ್ತೆ ಸ್ವಲ್ಪ ಹೋಗಿ ನಿಲ್ಲುತ್ತಿತ್ತು. ಒಂದು ಮಾತು ಕರೆದರೆ ಇಳಿದು ಹೋಗಿ ಇನ್ನೊಂದು ತುದಿ ಹಿಡಿಯಬಹುದೆಂದು 'ಸಾಬ್ರೇ' ಎನ್ನುವ ದನಿಗಾಗಿ ಅವನು ಕಿವಿಗೊಟ್ಟ. ಮಂಚ ಗೋಡೆ ಮುಟ್ಟಿದ ಸದ್ದು ಬಂತು.